ನೆಲಕ್ಕೆ ಅದುಮಿ ಹಿಡಿಯದೆ ಬಾಲಕರ ಗೃಹ ನಡೆಸಿದ್ದು: ನನ್ನ ಅನುಭವ

ಕೆಲವು ವರ್ಷಗಳ ಹಿಂದೆ ನಮ್ಮ ಬಾಲಕರ ಗೃಹದಲ್ಲಿ ತಿಂಗಳಿಗೆ ಹದಿನೈದು, ಕೆಟ್ಟ ತಿಂಗಳಲ್ಲಿ ಇಪ್ಪತ್ತು ಸಲ ರೇಗಿದ ಯಾರಾದರೂ ಒಬ್ಬ ಹುಡುಗನನ್ನು ಸಿಬ್ಬಂದಿ ನೆಲಕ್ಕೆ ಅದುಮಿ ಹಿಡಿಯುತ್ತಿದ್ದರು. ಈಗ ವರ್ಷಕ್ಕೆ ಎರಡೋ ಮೂರೋ. ಹುಡುಗರ ಸಂಖ್ಯೆ ಅಷ್ಟೇ ಇದೆ, ನಲವತ್ತೈದರ ಆಸುಪಾಸು. ಸಿಬ್ಬಂದಿಯೂ ಅಷ್ಟೇ, ಹೆಚ್ಚಿನವರು ಗುತ್ತಿಗೆಯವರು. "ಹಿಡಿಯದೇ ಇದ್ದರೆ ಅವರು ನಿಮ್ಮನ್ನು ಹಿಡೀತಾರೆ ಸರ್" ಅಂತ ಹೇಳಿದ ಬೇರೆ ಗೃಹಗಳ ಸೂಪರಿಂಟೆಂಡೆಂಟ್‌ಗಳು ಒಬ್ಬಿಬ್ಬರಲ್ಲ. ಅವರಲ್ಲಿ ಇಬ್ಬರು ಈಚೆಗೆ ಬಂದು ಒಂದು ಸಂಜೆ ಪೂರ್ತಿ ನಮ್ಮಲ್ಲಿ ಕೂತು ನೋಡಿಕೊಂಡು ಹೋದರು. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಉತ್ತರ ಕರ್ನಾಟಕದ ಒಂದು ಸಂಸ್ಥೆ. ರೈಲ್ವೆ ಸ್ಟೇಷನ್ನಿನಿಂದ ಬಂದ ಹುಡುಗರು ಜಾಸ್ತಿ. ನಶೆಗೆ ವೈಟ್ನರ್, ಸೊಲ್ಯೂಷನ್ ಮೂಸುತ್ತಿದ್ದವರು ಅದು ಸಿಗದೆ ಕಳೆಯುವ ಮೊದಲ ಎರಡು ವಾರ ಹೇಗಿರುತ್ತೆ ಅಂತ ಈ ಕೆಲಸದಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೊಡೆಯುವ ವಿಷಯದಲ್ಲಿ ಎಲ್ಲರೂ ಹುಷಾರಾಗಿದ್ದಾರೆ. 2015ರ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 82 ನಮ್ಮ ಅಡುಗೆಯವರಿಗೂ ಗೊತ್ತು. ಮೊದಲ ಸಲ ಹತ್ತು ಸಾವಿರ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲು. ಆದರೆ ಹಿಡಿಯುವುದು? "ಹೊಡೆದಿಲ್ಲ ಸರ್, ಸುಮ್ನೆ ಹಿಡ್ಕೊಂಡಿದ್ವಿ" ಅನ್ನೋದು ಎಲ್ಲ ಕಡೆ ಕೇಳುವ ಮಾತು. ಇಬ್ಬರು ಕೈ ತಿರುಚಿ, ಒಬ್ಬ ಬೆನ್ನ ಮೇಲೆ ಮಂಡಿಯೂರಿ ಕೂತರೂ ಅದು "ಸುಮ್ನೆ ಹಿಡ್ಕೊಂಡಿದ್ದು". ಮಾನಸಿಕ ಆಸ್ಪತ್ರೆಗಳಿಗೆ ಇರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಸೆಕ್ಷನ್ 97 ನೋಡಿ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಹಿಡಿಯಬಹುದು, ಅದಕ್ಕೂ ಮನೋವೈದ್ಯರ ಅನುಮತಿ ಬೇಕು, ಒಂಟಿಯಾಗಿ ಕೂಡಿಹಾಕುವುದಂತೂ ಕೂಡದು. ಆಸ್ಪತ್ರೆಗೇ ಇಷ್ಟು ಬಿಗಿ ಇರುವಾಗ ನಮ್ಮಲ್ಲಿ ಹುಡುಗರನ್ನು ನೋಡಿಕೊಳ್ಳುವ, ಪಿಯುಸಿ ಓದಿದ ಗೃಹಪಾಲಕ ಇದನ್ನು ಒಂದು ಕ್ಷಣದಲ್ಲಿ ತೀರ್ಮಾನಿಸಬೇಕು.

ನನ್ನನ್ನು ಅಲುಗಾಡಿಸಿದ್ದು ಎರಡು ಸಾವುಗಳು. 2004ರಲ್ಲಿ ಇಂಗ್ಲೆಂಡಿನ ರೈನ್ಸ್‌ಬ್ರೂಕ್ ಬಾಲಾಪರಾಧಿ ಕೇಂದ್ರದಲ್ಲಿ ಗ್ಯಾರೆತ್ ಮಯಾಟ್ ಅನ್ನುವ 15 ವರ್ಷದ ಹುಡುಗ, ತೂಕ ನಲವತ್ತು ಕಿಲೋ ಚಿಲ್ಲರೆ. ಸ್ಯಾಂಡ್‌ವಿಚ್ ಟೋಸ್ಟರ್ ತೊಳೆಯಲ್ಲ ಅಂದ. ಕೋಣೆಗೆ ಕಳಿಸಿದರು, ಅಲ್ಲಿದ್ದ ಸಾಮಾನು ತೆಗೆದರು, ಅದರಲ್ಲಿ ಅಮ್ಮನ ಹೊಸ ಫೋನ್ ನಂಬರ್ ಬರೆದ ಚೀಟಿಯೂ ಹೋಯಿತು. ಅವನು ಸಿಟ್ಟಿಗೆದ್ದ. ಮೂವರು ಸೇರಿ ಕೂರಿಸಿ, ಮುಂದಕ್ಕೆ ಬಗ್ಗಿಸಿ ಹಿಡಿದರು. ಉಸಿರಾಡಲು ಆಗುತ್ತಿಲ್ಲ ಅಂತ ಹೇಳುತ್ತಲೇ ಸತ್ತ. ಅದು ತರಬೇತಿಯಲ್ಲೇ ಕಲಿಸಿದ ಹಿಡಿತ. 2020ರಲ್ಲಿ ಅಮೆರಿಕದ ಮಿಷಿಗನ್‌ನ ಕಲಮಜೂದ ಮಕ್ಕಳ ಸಂಸ್ಥೆಯೊಂದರಲ್ಲಿ ಕಾರ್ನೀಲಿಯಸ್ ಫ್ರೆಡರಿಕ್, 16 ವರ್ಷ. ಊಟದ ಹಾಲಿನಲ್ಲಿ ಬ್ರೆಡ್ಡು ಎಸೆದ ಅಂತ ಹಲವರು ಸೇರಿ ಸುಮಾರು ಹನ್ನೆರಡು ನಿಮಿಷ ನೆಲಕ್ಕೆ ಅದುಮಿದರು. ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ. ಎರಡರಲ್ಲೂ ಜಗಳ ಶುರುವಾಗಿದ್ದು ತಿನ್ನುವುದರ ಸುತ್ತ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬರುತ್ತೆ.

ಮೊದಲು ಸೋತ ದಾರಿಗಳು. ಹೊರಗಿನಿಂದ ಒಬ್ಬರನ್ನು ಕರೆಸಿ "ಸುರಕ್ಷಿತವಾಗಿ ಹಿಡಿಯುವ" ಎರಡು ದಿನದ ತರಬೇತಿ ಮಾಡಿಸಿದೆವು. ಫೀಸು, ಊಟ, ಲಾಡ್ಜು ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಮುಂದಿನ ತಿಂಗಳು ಹಿಡಿದಿದ್ದು ಇನ್ನೂ ಜಾಸ್ತಿಯಾಯಿತು. ಹೊಸದಾಗಿ ಕಲಿತ ಪಟ್ಟು ಹಾಕಿ ನೋಡಬೇಕು ಅನ್ನಿಸುತ್ತೆ ಅಲ್ವಾ? ಆಮೇಲೆ ಒಂದು ಖಾಲಿ ಕೋಣೆಗೆ ನೀಲಿ ಬಣ್ಣ ಬಳಿದು "ಶಾಂತಿ ಕೋಣೆ" ಅಂತ ಬೋರ್ಡು ಹಾಕಿದೆವು. ತಿಂಗಳು ತುಂಬುವುದರೊಳಗೆ ಅದರ ಹೊರಗಡೆ ಚಿಲಕ ಬಂದಿತ್ತು. ಅದನ್ನು ಈಗ ಬಟ್ಟೆ ಇಡುವ ಕೋಣೆ ಮಾಡಿದ್ದೇವೆ. ಒಳ್ಳೆಯ ನಡತೆಗೆ ಸ್ಟಾರ್ ಕೊಡುವ ಚಾರ್ಟು ಹಾಕಿದರೆ, ಸ್ಟಾರ್ ಕಳೆದುಕೊಂಡವನು ಚಾರ್ಟನ್ನೇ ಹರಿದ. ಅವನನ್ನೂ ಹಿಡಿದರು.

ತಿರುವು ಸಿಕ್ಕಿದ್ದು ಒಂದು ರಿಜಿಸ್ಟರಿನಿಂದ. ನಲವತ್ತು ರೂಪಾಯಿಯ ಉದ್ದದ ಪುಸ್ತಕ. ಹಿಡಿದಾಗಲೆಲ್ಲ ಬರೆಯಬೇಕು: ಗಂಟೆ, ಜಾಗ, ಹಿಡಿದವರು ಯಾರು, ಅದಕ್ಕೆ ಅರ್ಧ ಗಂಟೆ ಮುಂಚೆ ಏನಾಗಿತ್ತು. ಹುಡುಗನ ತಪ್ಪೇನು ಅಂತ ಕಾಲಂ ಬೇಕಂತಲೇ ಇಡಲಿಲ್ಲ. ಮೂರು ತಿಂಗಳಾದ ಮೇಲೆ ಕೂತು ಲೆಕ್ಕ ಹಾಕಿದರೆ ಮುಕ್ಕಾಲು ಪಾಲು ಸಂಜೆ ಆರರಿಂದ ಎಂಟೂವರೆ ಒಳಗೆ. ಉಳಿದಿದ್ದರಲ್ಲಿ ಹೆಚ್ಚಿನವು ಭಾನುವಾರ ಮನೆಯವರು ಭೇಟಿಗೆ ಬಂದು ಹೋದ ಮೇಲೆ, ಇಲ್ಲವೇ ಬರುತ್ತೇನೆ ಅಂತ ಹೇಳಿ ಬರದೇ ಇದ್ದ ಮೇಲೆ. ಇನ್ನೊಂದು, ಪ್ರತಿ ಸಲವೂ ಅದೇ ಮೂರು ಸಿಬ್ಬಂದಿಯ ಹೆಸರು.

ಆರರಿಂದ ಎಂಟೂವರೆಯಲ್ಲಿ ನಮ್ಮಲ್ಲಿ ನಡೆಯುತ್ತಿದ್ದುದೇನು? ಮಧ್ಯಾಹ್ನ ಒಂದಕ್ಕೆ ಊಟ, ನಾಲ್ಕಕ್ಕೆ ಚಹಾ, ರಾತ್ರಿ ಊಟ ಎಂಟೂವರೆಗೆ. ಏಳಕ್ಕೆ ಸಿಬ್ಬಂದಿ ಪಾಳಿ ಬದಲು. ಮನೆಗೆ ಫೋನ್ ಮಾಡಿಸುವುದೂ ಏಳಕ್ಕೇ. ಹಸಿದ ಹುಡುಗ, ಫೋನಿನಲ್ಲಿ ಅಮ್ಮ ಅತ್ತಿದ್ದಾಳೆ, ಹೋಗುವ ಪಾಳಿಯವರು ಚೀಲ ಹೆಗಲಿಗೆ ಹಾಕಿಕೊಂಡಿದ್ದಾರೆ, ಬರುವವರು ಇನ್ನೂ ಹಾಜರಿ ಹಾಕುತ್ತಿದ್ದಾರೆ.

ಪಾಳಿ ಬದಲನ್ನು ಐದಕ್ಕೆ ತಂದೆವು. ಇದಕ್ಕೆ ಸಿಬ್ಬಂದಿಯ ಜೊತೆ ದೊಡ್ಡ ಜಗಳವೇ ಆಯಿತು, ಬಸ್ ಸಮಯಕ್ಕೆ ಹೊಂದಲ್ಲ ಅಂತ. ಫೋನ್ ಐದೂವರೆಗೆ, ಒಬ್ಬೊಬ್ಬರಾಗಿ, ಪಕ್ಕದಲ್ಲಿ ಆಪ್ತಸಮಾಲೋಚಕಿ. ಫೋನ್ ಮುಗಿದ ತಕ್ಷಣ ತಿಂಡಿ: ಒಗ್ಗರಣೆ ಮಂಡಕ್ಕಿ, ಅವಲಕ್ಕಿ, ಒಮ್ಮೊಮ್ಮೆ ಶೇಂಗಾ ಉಂಡಿ. ರಾತ್ರಿ ಊಟ ಏಳೂವರೆಗೆ. ತಿಂಡಿಗೆ ತಲೆಗೆ ಆರು ರೂಪಾಯಿ, ತಿಂಗಳಿಗೆ ಎಂಟು ಸಾವಿರ ಚಿಲ್ಲರೆ. ಮಗುವಿಗೆ ತಿಂಗಳಿಗೆ ಬರುವ ಮೂರು ಸಾವಿರದ ಅನುದಾನದಲ್ಲಿ ಊಟ, ಬಟ್ಟೆ, ಸೋಪು ಎಲ್ಲ ಆಗಬೇಕು. ಅದರಲ್ಲಿ ಇದನ್ನು ತೂರಿಸಲು ಆಗಲಿಲ್ಲ. ಎಪಿಎಂಸಿಯ ದಲಾಲರೊಬ್ಬರು ಮಂಡಕ್ಕಿ ಚೀಲ ಕೊಡಲು ಒಪ್ಪಿದರು, ಉಳಿದ ನಾಲ್ಕು ಸಾವಿರ ದಾನಿಗಳಿಂದ. ಇಷ್ಟಕ್ಕೇ ಎರಡು ತಿಂಗಳಲ್ಲಿ ಹಿಡಿಯುವುದು ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಇನ್ನೂ ಯಾರಿಗೂ ಒಂದು ಪಟ್ಟು ಕಲಿಸಿರಲಿಲ್ಲ, ಒಂದು ಭಾಷಣ ಮಾಡಿರಲಿಲ್ಲ.

ಉಳಿದ ಅರ್ಧ ಕಷ್ಟದ್ದು. ಅಮೆರಿಕದ ವರ್ಜೀನಿಯಾದಲ್ಲಿ ಗ್ರಾಫ್ಟನ್ ಅನ್ನುವ ಸಂಸ್ಥೆಯವರು ಹಿಡಿಯುವುದನ್ನು ಹೆಚ್ಚುಕಡಿಮೆ ನಿಲ್ಲಿಸಿ, ಏಟು ತಡೆಯಲು ಮೆತ್ತನೆಯ ಪ್ಯಾಡು ಬಳಸುತ್ತಾರೆ ಅಂತ ಓದಿದ್ದೆ. ಬಸ್ ಸೀಟು ಹೊಲಿಯುವವರ ಹತ್ತಿರ ಹೋಗಿ ಫೋಮು, ರೆಕ್ಸಿನ್ ಹಾಕಿ ನಾಲ್ಕು ಮಾಡಿಸಿದೆ. ಒಂದಕ್ಕೆ ಒಂಬೈನೂರು. ಮೊದಲನೆಯವು ಆಳೆತ್ತರ ಇದ್ದವು, ಹುಡುಗನಿಗೆ ಗೋಡೆಯೇ ಮೈಮೇಲೆ ಬಂದ ಹಾಗಾಗಿ ಇನ್ನೂ ರೇಗುತ್ತಿದ್ದ. ಎದೆಯಿಂದ ತೊಡೆಯವರೆಗೆ ಬರುವಷ್ಟಕ್ಕೆ ಕತ್ತರಿಸಿ, ಜಿಪ್ಪು ತೆಗೆಸಿ ಹೊಲಿಸಿಬಿಟ್ಟೆ, ಹಿಂದೆ ಎರಡು ಕೈಪಟ್ಟಿ. ನಿಯಮ ಒಂದೇ: ಪ್ಯಾಡಿನಿಂದ ತಳ್ಳುವ ಹಾಗಿಲ್ಲ, ಏಟು ತೆಗೆದುಕೊಳ್ಳುವುದಷ್ಟೇ.

ಪ್ಯಾಡಿಗಿಂತ ದೊಡ್ಡ ಕೆಲಸ ಮಾಡಿದ್ದು ಇನ್ನೊಂದು. ರೇಗಿದವನನ್ನು ಎಳೆದು ಹೊರಗೆ ಹಾಕುವುದು ಬಿಟ್ಟು, ಮಿಕ್ಕವರನ್ನು ಹೊರಗೆ ಕರೆದುಕೊಂಡು ಹೋಗುತ್ತೇವೆ. ಒಂದು ರಾತ್ರಿಯದನ್ನು ಹೇಳುತ್ತೇನೆ. ಬಂದು ವಾರ ಕಳೆದಿದ್ದ ಹುಡುಗ, ಹದಿನಾಲ್ಕು ಇರಬಹುದು. ಮೊಟ್ಟೆ ದಿನ. ಇನ್ನೊಂದು ಮೊಟ್ಟೆ ಇಲ್ಲ ಅಂದಿದ್ದಕ್ಕೆ ಸ್ಟೀಲ್ ತಟ್ಟೆ ಬೀಸಿ ಒಗೆದ, ಸಾರಿನ ಸೌಟು ಕೈಗೆ ತೆಗೆದುಕೊಂಡ. ಗೃಹಪಾಲಕ "ಎಲ್ರೂ ತಟ್ಟೆ ತಗೊಂಡು ಪಡಸಾಲೆಗೆ ಬರ‍್ರಿ" ಅಂದ. ಅಷ್ಟೂ ಹುಡುಗರು ತಟ್ಟೆ ಹಿಡಿದು ಎದ್ದರು, ಇದು ಅವರಿಗೆ ರೂಢಿಯಾಗಿತ್ತು. ಒಳಗೆ ಉಳಿದಿದ್ದು ಅವನು, ಅಡುಗೆಯ ಅಕ್ಕ, ಬಾಗಿಲ ಹತ್ತಿರ ಪ್ಯಾಡು ಹಿಡಿದ ಒಬ್ಬ. ಅಕ್ಕ ದೂರದಲ್ಲಿ ನೆಲದ ಮೇಲೆ ಕೂತು ಕೊತ್ತಂಬರಿ ಸೋಸಲು ಶುರು ಮಾಡಿದರು. ಅವನು ಎರಡು ಸಲ ಸೌಟಿನಿಂದ ಗೋಡೆಗೆ ಹೊಡೆದ. ನೋಡುವವರು ಯಾರೂ ಇಲ್ಲ. ಕಾಲು ಗಂಟೆಗೆ "ಅಕ್ಕಾ, ನೀರು ಕೊಡ್ರಿ" ಅಂದ. ಹಿಂದಿನ ಲೆಕ್ಕದಲ್ಲಿ ಅದು ನಾಲ್ಕು ಜನ ಸೇರಿ ಅದುಮುವ ಕೇಸು. ಒಡೆದಿದ್ದು ಒಂದು ಬಲ್ಬು.

ಆ ಮೊದಲ ಅರ್ಧ ನಿಮಿಷದಲ್ಲಿ ಹುಡುಗನಿಗೆ ಏನು ಹೇಳಬೇಕು, ಯಾರು ಹೇಳಬೇಕು ಅನ್ನುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕಂಠಪಾಠ ಮಾಡಿ ಒಪ್ಪಿಸುತ್ತಾರೆ, ಹುಡುಗರಿಗೆ ಅದು ಕೂಡಲೇ ತಿಳಿಯುತ್ತೆ. ಬಂದು ನೋಡಿದವರಿಗೆ ತೋರಿಸಿದ್ದೇನೆ, ಮುಂದೆಯೂ ತೋರಿಸುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಮೈದಣಿದರೆ ಸಿಟ್ಟು ಇಳಿಯುತ್ತೆ ಅಂತ ಸಂಜೆ ಕಬಡ್ಡಿ ಆಡಿಸಿದೆವು. ಕೆಲಸ ಕೆಟ್ಟಿತು. ಹಿಡಿಯುವುದು, ಕಾಲೆಳೆಯುವುದು, ಕೆಡವುವುದು, ಅದೇ ಬಿಸಿಯಲ್ಲಿ ಊಟಕ್ಕೆ ಬರುತ್ತಿದ್ದರು. ಕಬಡ್ಡಿ ಈಗ ಬೆಳಿಗ್ಗೆ. ಸಂಜೆಗೆ ಕೂಡಿಬಂದಿದ್ದು ಜೋಳದ ರೊಟ್ಟಿ. ಕೈ ಸುಮ್ಮನಿರದ ಮೂರ್ನಾಲ್ಕು ಹುಡುಗರು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾರೆ, ರೊಟ್ಟಿ ಬಡಿಯುತ್ತಾರೆ. ಬೇಕಾದವನು ಬರುತ್ತಾನೆ, ಬೇಡವಾದವನಿಗೆ ಒತ್ತಾಯ ಇಲ್ಲ, ಒತ್ತಾಯ ಮಾಡಿದರೆ ಅದು ದುಡಿಸಿಕೊಂಡ ಹಾಗೆ. ಒಬ್ಬ ಹುಡುಗನ ರೊಟ್ಟಿ ಈಗ ಅಕ್ಕನ ರೊಟ್ಟಿಗಿಂತ ತೆಳ್ಳಗೆ ಬರುತ್ತೆ.

ಆ ಮೂರು ಸಿಬ್ಬಂದಿಯಲ್ಲಿ ಒಬ್ಬರು ಕೆಲಸ ಬಿಟ್ಟರು. ಒಬ್ಬರನ್ನು ಸ್ಟೋರಿಗೆ ಹಾಕಿದೆ. ಮೂರನೆಯವರು ಬಲವಾದ ಆಳು, ಹದಿನೈದು ವರ್ಷದ ಅನುಭವ, ನನ್ನ ಮೇಲೆ ಭಾರಿ ಸಿಟ್ಟಿದ್ದವರು. ಪ್ಯಾಡನ್ನು ಅವರ ಕೈಗೇ ಕೊಟ್ಟೆ. ಹಿಂದೆ ಅವರಿಗೆ ಕಚ್ಚಿಸಿಕೊಂಡು ಟಿಟಿ ಇಂಜೆಕ್ಷನ್ ತೆಗೆದುಕೊಳ್ಳುವುದು ಮಾಮೂಲಾಗಿತ್ತು. ಈಗ ಹೊಸ ಸಿಬ್ಬಂದಿಗೆ ಅವರೇ ಕಲಿಸುತ್ತಾರೆ.

ಬಗೆಹರಿಯದೆ ಉಳಿದಿದ್ದು ರಾತ್ರಿ. ಹನ್ನೊಂದರ ಮೇಲೆ ಒಬ್ಬನೇ ಗೃಹಪಾಲಕ ಇರುತ್ತಾನೆ. ಒಬ್ಬನಿಂದ ಹುಡುಗರನ್ನು ಹೊರಗೆ ಕರೆದುಕೊಂಡು ಹೋಗುವುದೂ ಆಗಬೇಕು, ರೇಗಿದವನ ಹತ್ತಿರ ಇರುವುದೂ ಆಗಬೇಕು ಅಂದರೆ ಆಗದ ಮಾತು. ವರ್ಷಕ್ಕೆ ಎರಡೋ ಮೂರೋ ಅಂದೆನಲ್ಲ, ಅವೆಲ್ಲ ರಾತ್ರಿಯವೇ. ಇನ್ನೊಬ್ಬ ರಾತ್ರಿ ಗೃಹಪಾಲಕನಿಗೆ ತಿಂಗಳಿಗೆ ಹನ್ನೆರಡು ಸಾವಿರವಾದರೂ ಬೇಕು. ಕಿಟಕಿ ಗಾಜು, ಗಾಯಕ್ಕೆ ಹೊಲಿಗೆ, ಔಷಧಿ ಅಂತ ಹೋಗುತ್ತಿದ್ದ ದುಡ್ಡು ವರ್ಷಕ್ಕೆ ಅರವತ್ತು ಸಾವಿರದ ಹತ್ತಿರ ಉಳಿದಿದೆ. ಐದು ತಿಂಗಳ ಸಂಬಳ ಅದರಲ್ಲೇ ಬರುತ್ತೆ, ಮಿಕ್ಕ ಏಳು ತಿಂಗಳದ್ದಕ್ಕೆ ಓಡಾಡುತ್ತಿದ್ದೇನೆ.