ಕಡಿಮೆ ಖರ್ಚಿನ ವಸಂತದ ಕೈತೋಟ: ದುಡ್ಡು ಮಣ್ಣಿಗೆ ಹಾಕಿ

ಚಳಿ ಕಳೆದು ಬಿಸಿಲು ಏರತೊಡಗಿದರೆ ಏನಾದರೂ ನೆಡೋಣ ಅನಿಸುತ್ತದೆ, ಅಲ್ವಾ? ಆ ಹುಮ್ಮಸ್ಸಿನಲ್ಲಿ ನೇರ ನರ್ಸರಿಗೆ ಹೋಗುತ್ತೇವೆ. ಹೂಬಿಟ್ಟ ಗಿಡ, ಚೆಂದದ ಕುಂಡ, ಬಾಟಲಿಯ ಟಾನಿಕ್ ಎಲ್ಲ ಬರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಅರ್ಧ ಗಿಡಗಳು ಸೊರಗಿರುತ್ತವೆ. ಗಿಡ ಬೆಳೆಯುವುದು ಮಣ್ಣಿನಲ್ಲಿ, ಆದರೆ ನಾವು ಕೊನೆಗೆ ನೋಡುವುದೂ ಮಣ್ಣನ್ನೇ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಅದು ಮಣ್ಣಿಗೇ ಹೋಗಲಿ ಎನ್ನುತ್ತೇನೆ. ಉಳಿದದ್ದನ್ನು ಮನೆಯಲ್ಲಿರುವ ವಸ್ತುಗಳಲ್ಲೇ ಸರಿದೂಗಿಸಬಹುದು.

ಹಂತ 1: ನಿಮ್ಮ ಮಣ್ಣು ಯಾವುದು, ನೋಡಿ

ಇದಕ್ಕೆ ಒಂದು ಗಾಜಿನ ಬಾಟಲಿ ಸಾಕು. ಒಂದು ಗೇಣು ಆಳದಿಂದ ಮಣ್ಣು ತೆಗೆದು, ಕಲ್ಲು, ಬೇರು ಆರಿಸಿ, ಬಾಟಲಿಯ ಮೂರನೇ ಒಂದು ಭಾಗ ತುಂಬಿ. ಮೇಲೆ ನೀರು, ಒಂದು ಚಿಟಿಕೆ ಸೋಪಿನ ಪುಡಿ ಹಾಕಿ ಐದು ನಿಮಿಷ ಚೆನ್ನಾಗಿ ಕುಲುಕಿ, ಅಲುಗದ ಹಾಗೆ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ಮೆಕ್ಕಲಿಗೆ ಒಂದೆರಡು ಗಂಟೆ ಬೇಕು. ಜೇಡಿ ತಿಳಿಯಾಗಿ ಕೂರಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಹಿಡಿಯುತ್ತದೆ. ಯಾವ ಪದರ ದಪ್ಪವಾಗಿದೆಯೋ ಅದೇ ನಿಮ್ಮ ಮಣ್ಣಿನ ಗುಣ.

ಮರಳು ಜಾಸ್ತಿ ಇದ್ದರೆ ನೀರು, ಸತ್ವ ಎರಡೂ ಬೇಗ ಸೋರಿ ಹೋಗುತ್ತವೆ. ಜೇಡಿ ಜಾಸ್ತಿ ಇದ್ದರೆ ನೀರು ನಿಂತು ಬೇರಿಗೆ ಉಸಿರಾಡಲು ಆಗುವುದಿಲ್ಲ. ಸಮಾಧಾನದ ವಿಷಯ ಏನೆಂದರೆ ಎರಡಕ್ಕೂ ಮದ್ದು ಒಂದೇ, ಚೆನ್ನಾಗಿ ಕಳಿತ ಗೊಬ್ಬರ. ಜೇಡಿಮಣ್ಣಿಗೆ ಒಂದಿಷ್ಟು ಮರಳು ಬೆರೆಸಿದರೆ ಸಡಿಲವಾಗುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಹಾಗೆ ಮಾಡಬೇಡಿ, ಅದು ಒಣಗಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗಬಹುದು.

ಇನ್ನೊಂದು ಮಾತು. ಮಣ್ಣು ಒದ್ದೆಯಾಗಿರುವಾಗ ಅಗೆಯಬೇಡಿ. ಒಂದು ಹಿಡಿ ತೆಗೆದು ಉಂಡೆ ಮಾಡಿ, ಬೆರಳಿನಿಂದ ಚುಚ್ಚಿ. ಉದುರಿದರೆ ಅಗೆಯಲು ಹದ ಬಂದಿದೆ. ಅಂಟಿಕೊಂಡೇ ಇದ್ದರೆ ಇನ್ನೆರಡು ದಿನ ಕಾಯಿರಿ.

ಹಂತ 2: ಗೊಬ್ಬರ

ಮಡಿಯ ಮೇಲೆ 3ರಿಂದ 5 ಸೆಂಟಿಮೀಟರ್ ದಪ್ಪ ಕಾಂಪೋಸ್ಟ್ ಹರಡಿ, ಮೇಲಿನ ಒಂದು ಗೇಣು ಮಣ್ಣಿಗೆ ಬೆರೆಸಿ. ಮನೆಯಲ್ಲಿ ಸಿದ್ಧ ಗೊಬ್ಬರ ಇಲ್ಲದಿದ್ದರೆ ಈ ವರ್ಷಕ್ಕೆ ಇದೊಂದನ್ನು ಕೊಳ್ಳಿ. ಜೊತೆಗೇ ಮುಂದಿನ ವರ್ಷಕ್ಕೆಂದು ಇವತ್ತೇ ಒಂದು ರಾಶಿ ಶುರು ಮಾಡಿ.

ಲೆಕ್ಕ ಸುಲಭ. ಒಂದು ಬುಟ್ಟಿ ಹಸಿಗೆ (ತರಕಾರಿ ಸಿಪ್ಪೆ, ಹುಲ್ಲು, ಕಳೆ) ಎರಡು ಮೂರು ಬುಟ್ಟಿ ಒಣ ಎಲೆ, ಹರಿದ ಕಾಗದ ಅಥವಾ ರಟ್ಟು. ರಾಶಿ ಹಿಂಡಿದ ಬಟ್ಟೆಯಷ್ಟು ತೇವವಾಗಿರಬೇಕು. ವಾಸನೆ ಬಂತೆಂದರೆ ನೀರು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ ಎಂದರ್ಥ. ಒಣ ಎಲೆ ಸೇರಿಸಿ ಮಗುಚಿ. ಮಾಂಸ, ಎಣ್ಣೆ, ಹಾಲಿನ ಪದಾರ್ಥ ಹಾಕಬೇಡಿ, ಇಲಿ ಬರುತ್ತವೆ. ಒಂದು ಮೀಟರ್ ಉದ್ದ, ಅಗಲ, ಎತ್ತರ ಇದ್ದರೆ ರಾಶಿ ಒಳಗೆ ಚೆನ್ನಾಗಿ ಬಿಸಿಯಾಗಿ ಬೇಗ ಕಳಿಯುತ್ತದೆ. ಚಿಕ್ಕ ಡಬ್ಬದಲ್ಲೂ ಆಗುತ್ತದೆ, ತಿಂಗಳುಗಳು ಜಾಸ್ತಿ ಬೇಕು ಅಷ್ಟೇ.

ಹಸಿ ಸಗಣಿ, ಕೋಳಿ ಗೊಬ್ಬರ ಪುಕ್ಕಟೆ ಸಿಕ್ಕರೂ ನೇರ ಗಿಡಕ್ಕೆ ಬೇಡ. ಮೊದಲ ವರ್ಷ ನಾನು ಮೆಣಸಿನ ಸಸಿಗಳ ಬುಡಕ್ಕೆ ಹಸಿ ಕೋಳಿ ಗೊಬ್ಬರ ಹಾಕಿದ್ದೆ. ವಾರದೊಳಗೆ ಎಲೆಯ ಅಂಚು ಸುಟ್ಟು ಹೋಗಿ, ಒಂದೂ ಉಳಿಯಲಿಲ್ಲ. ಅದರಲ್ಲಿನ ಅಮೋನಿಯಾ ಬೇರನ್ನು ಸುಡುತ್ತದೆ. ಹೊಟ್ಟೆ ಕೆಡಿಸುವ ರೋಗಾಣುಗಳೂ ಅದರಲ್ಲಿರಬಹುದು. ಪೂರ್ತಿ ಕಳಿತು, ಮಣ್ಣಿನ ವಾಸನೆ ಬಂದ ಮೇಲೆ ಬಳಸಿ.

ಮೊಟ್ಟೆ ಚಿಪ್ಪು ತುಂಡುಗಳಾಗಿ ಹಾಕಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ, ನುಣ್ಣಗೆ ಪುಡಿ ಮಾಡಿ ಹಾಕಿ. ಕಟ್ಟಿಗೆ ಬೂದಿ ಮಣ್ಣಿನ ಹುಳಿ ಗುಣವನ್ನು ತಗ್ಗಿಸುತ್ತದೆ, ಹಾಗಾಗಿ ತೆಳ್ಳಗೆ ಉದುರಿಸಿದರೆ ಸಾಕು. ಕಾಫಿ ಚರಟವನ್ನು ದಪ್ಪಗೆ ಸುರಿದರೆ ಮೇಲೆ ಹೆಕ್ಕಳಿಕೆ ಕಟ್ಟಿ ನೀರು ಇಳಿಯುವುದಿಲ್ಲ. ರಾಶಿಗೇ ಹಾಕಿಬಿಡಿ.

ಹಂತ 3: ಬೀಜ, ಸಸಿ

ಬೀನ್ಸ್, ಸೌತೆ, ಮೂಲಂಗಿ, ಸೊಪ್ಪುಗಳಿಗೆ ಸಸಿ ಕೊಳ್ಳುವುದು ದಂಡ. ನೆಲಕ್ಕೇ ಬೀಜ ಹಾಕಿ. ಹಳೆಯ ಬೀಜ ಇದ್ದರೆ ಎಸೆಯಬೇಡಿ. ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಡಿ. ವಾರ, ಹತ್ತು ದಿನದಲ್ಲಿ ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಿ. ನಾಲ್ಕೈದು ಮೊಳೆತರೆ ಎರಡರಷ್ಟು ಬೀಜ ಹಾಕಿ. ಟೊಮೆಟೊ ಬೀಜ ಸರಿಯಾಗಿಟ್ಟರೆ ನಾಲ್ಕು ವರ್ಷವಾದರೂ ಬಾಳುತ್ತದೆ, ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಸೋಲುತ್ತದೆ. ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಸಾಕು.

ಟೊಮೆಟೊ, ಮೆಣಸು, ಬದನೆಯನ್ನು ಹಳೆ ಲೋಟ, ಡಬ್ಬಗಳಲ್ಲಿ ತಳಕ್ಕೆ ತೂತು ಮಾಡಿ ಸಸಿ ಮಾಡಿಕೊಳ್ಳಿ. ಎದ್ದ ಸಸಿ ಬುಡದಲ್ಲಿ ತೆಳ್ಳಗಾಗಿ ಒಂದೇ ರಾತ್ರಿಯಲ್ಲಿ ಒರಗಿಬಿಟ್ಟರೆ ಅದು ಬುಡ ಕೊಳೆಯುವ ರೋಗ. ನೀರು ಹೆಚ್ಚು, ಗಾಳಿ ಕಡಿಮೆಯಾದಾಗ ಬರುತ್ತದೆ. ಮೇಲ್ಮಣ್ಣು ಆರಿದ ಮೇಲೆಯೇ ನೀರು ಹಾಕಿ. ಮನೆಯೊಳಗೆ ಬೆಳೆದ ಸಸಿಯನ್ನು ನೆಡುವ ಮೊದಲು ಒಂದು ವಾರ, ದಿನದಿನಕ್ಕೂ ಸ್ವಲ್ಪ ಹೆಚ್ಚು ಹೊತ್ತು ಹೊರಗಿಟ್ಟು ಬಿಸಿಲು, ಗಾಳಿಗೆ ಒಗ್ಗಿಸಿ.

ಹಂತ 4: ಹೊದಿಕೆ, ನೀರು

ನೆಟ್ಟ ಮೇಲೆ ಒಣ ಎಲೆ ಅಥವಾ ಹುಲ್ಲನ್ನು 5ರಿಂದ 8 ಸೆಂಟಿಮೀಟರ್ ದಪ್ಪ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ. ನೀರು ಉಳಿಯುತ್ತದೆ, ಕಳೆ ತಗ್ಗುತ್ತದೆ. ಬೆರಳು ಮಣ್ಣಿಗಿಳಿಸಿ ಒಣಗಿದ್ದರೆ ಬೆಳಿಗ್ಗೆ ಬುಡಕ್ಕೆ ಧಾರಾಳವಾಗಿ ನೀರು ಕೊಡಿ. ಟೊಮೆಟೊ ಹಣ್ಣಿನ ತಳ ಕಪ್ಪಾಗಿ ಕೊಳೆತರೆ ಸುಣ್ಣ ಸಾಲದು ಎನ್ನುತ್ತಾರೆ. ಬಹಳ ಸಲ ಮಣ್ಣಿನಲ್ಲಿ ಸುಣ್ಣ ಇರುತ್ತದೆ, ಒಂದು ದಿನ ಒಣಗಿಸಿ ಇನ್ನೊಂದು ದಿನ ನೆನೆಸಿದರೆ ಗಿಡಕ್ಕೆ ಅದನ್ನು ಹೀರಲು ಆಗುವುದಿಲ್ಲ.

ಹಂತ 5: ಕೀಟ, ರೋಗ

ಇಲ್ಲಿ ಬೇಕಾಗಿರುವುದು ದಿನಕ್ಕೆ ಐದು ನಿಮಿಷ. ಎಲೆ ಮಗುಚಿ ಅಡಿಭಾಗ ನೋಡಿ. ಕೀಟಗಳ ಸಂಸಾರವೆಲ್ಲ ಅಲ್ಲೇ ಇರುತ್ತದೆ.

ಚಿಗುರಿನ ತುಂಬ ಸಣ್ಣ ಹಸಿರು, ಕಪ್ಪು ಹುಳು ಮುತ್ತಿ ಎಲೆ ಅಂಟಂಟಾಗಿದ್ದರೆ ಅದು ಗಿಡಹೇನು. ಇರುವೆ ಸಾಲು ಕಂಡರೂ ಅನುಮಾನ ಪಡಿ, ಹೇನು ಸುರಿಸುವ ಸಿಹಿಗಾಗಿ ಇರುವೆಗಳು ಅವನ್ನು ಕಾಯುತ್ತವೆ. ಮೊದಲು ನೀರನ್ನು ರಭಸವಾಗಿ ಹಾಯಿಸಿ ಉದುರಿಸಿ. ಎರಡು ಮೂರು ದಿನ ಹೀಗೆ ಮಾಡಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಮುಗಿಯದಿದ್ದರೆ ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಸೌಮ್ಯ ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಸೋಪು ಹುಳುವಿನ ಮೈಗೆ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ, ಹಾಗಾಗಿ ಎಲೆಯ ಅಡಿಗೂ ಬೀಳಬೇಕು. ಬಟ್ಟೆ ಒಗೆಯುವ ಡಿಟರ್ಜೆಂಟ್ ಬೇಡ, ಎಲೆ ಸುಡುತ್ತದೆ. ಮೊದಲು ಒಂದೆರಡು ಎಲೆಗೆ ಹೊಡೆದು ಒಂದು ದಿನ ಕಾದು ನೋಡಿ.

ಬಿಳಿ ನೊಣ, ಹಿಟ್ಟು ತಿಗಣೆಗೆ ಇದೇ ಸೋಪಿನ ನೀರಿಗೆ 5 ಮಿಲಿ ಬೇವಿನ ಎಣ್ಣೆ ಸೇರಿಸಿ, ಆಗಾಗ ಕುಲುಕುತ್ತಾ ವಾರಕ್ಕೊಮ್ಮೆ ಹೊಡೆಯಿರಿ. ಹೂವಿನ ಮೇಲೆ, ಜೇನುನೊಣ ಓಡಾಡುವ ಹೊತ್ತಿನಲ್ಲಿ ಬೇಡವೇ ಬೇಡ. ಎಲೆ ತಿನ್ನುವ ಹುಳುಗಳನ್ನು ಕೈಯಲ್ಲೇ ಆರಿಸಿ. ಬಸವನಹುಳುಗಳಿಗೆ ರಾತ್ರಿ ಒಂದು ಒದ್ದೆ ಹಲಗೆ ಇಡಿ, ಬೆಳಿಗ್ಗೆ ಅಡಿಯಲ್ಲಿ ಸೇರಿರುತ್ತವೆ. ಸಸಿ ಬುಡದಲ್ಲೇ ಕತ್ತರಿಸಿ ಬಿದ್ದಿದ್ದರೆ ಹೊಸ ಸಸಿಗೆ ರಟ್ಟಿನ ಬಳೆ ತೊಡಿಸಿ, ಎರಡು ಬೆರಳಷ್ಟು ಮಣ್ಣಿನೊಳಗೆ ಹುಗಿಯಿರಿ.

ಕಪ್ಪು ಮೈಯ ಮೇಲೆ ಕಿತ್ತಳೆ ಚುಕ್ಕೆಯಿರುವ, ಪುಟ್ಟ ಮೊಸಳೆಯಂತಹ ಹುಳು ಕಂಡರೆ ದಯವಿಟ್ಟು ಕೊಲ್ಲಬೇಡಿ. ಅದು ಗುಲಗಂಜಿ ಹುಳುವಿನ ಮರಿ. ಗಿಡಹೇನುಗಳೇ ಅದರ ಊಟ. ಅದು ಬಂದಿದ್ದರೆ ಸಿಂಪಡಣೆ ನಿಲ್ಲಿಸಿ, ಒಂದು ವಾರ ಅದಕ್ಕೇ ಬಿಟ್ಟುಕೊಡಿ.

ಎಲೆ ಮುರುಟಿ, ಹಳದಿ ಮಚ್ಚೆ ಬಂದು, ಗಿಡ ಕುಬ್ಜವಾದರೆ ನಂಜು ರೋಗ ಇರಬಹುದು. ಅದಕ್ಕೆ ಔಷಧಿ ಇಲ್ಲ. ಬೇರುಸಹಿತ ಕಿತ್ತು ದೂರ ಹಾಕಿ. ಕಾಂಪೋಸ್ಟ್ ರಾಶಿಗೆ ಸೇರಿಸಬೇಡಿ, ಬೇರೆ ಗಿಡ ಮುಟ್ಟುವ ಮೊದಲು ಕೈ ತೊಳೆಯಿರಿ. ಆ ಖಾಲಿ ಜಾಗಕ್ಕೆ ಒಂದು ಬೊಗಸೆ ಕಾಂಪೋಸ್ಟ್ ಬೆರೆಸಿ ನಾಲ್ಕು ಬೀನ್ಸ್ ಬೀಜ ಊರಿ. ಮಣ್ಣು ಬೆಚ್ಚಗಿದ್ದರೆ ಹತ್ತು ದಿನದೊಳಗೆ ಮೊಳಕೆ ಮೇಲೆ ಬಂದಿರುತ್ತದೆ.