ಕೊಳ್ಳೋ ಮೊದಲು ಅಟ್ಟ ನೋಡಿ

ಹೋದ ವರ್ಷ ನನ್ನ ಸೊಸೆ ಆನ್‌ಲೈನಿನಲ್ಲಿ ಒಂದು ಪರಿಸರ ಸ್ನೇಹಿ ಕಿಟ್ ತರಿಸಿದಳು. ರಟ್ಟಿನ ಡಬ್ಬದೊಳಗೆ ಇನ್ನೊಂದು ಡಬ್ಬ, ಅದರೊಳಗೆ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ ಹಾಳೆ, ಅದನ್ನೂ ಬಿಡಿಸಿದರೆ ನಾಲ್ಕು ಬಿದಿರಿನ ಹಲ್ಲುಜ್ಜೋ ಬ್ರಷ್, ಎರಡು ಸ್ಟೀಲ್ ಸ್ಟ್ರಾ, ಆರು ಬಟ್ಟೆ ಚೀಲ, ಒಂದು ತೆಂಗಿನ ಕರಟದ ಬಟ್ಟಲು. ಈಗ ಬೆಂಗಳೂರಿನಲ್ಲಿದ್ದರೂ ನಮ್ಮ ಊರು ತೆಂಗಿನ ಸೀಮೆ ತಿಪಟೂರಿನ ಕಡೆ. ಕರಟವನ್ನು ದುಡ್ಡು ಕೊಟ್ಟು ತರಿಸಿದ್ದು ನೋಡಿ ನನಗೆ ನಗು ತಡೆಯೋಕೆ ಆಗಲಿಲ್ಲ. ಅವಳೂ ನಕ್ಕಳು, ಪಾಪ. ಉದ್ದೇಶ ಒಳ್ಳೆಯದೇ. ಆದರೆ ಅವತ್ತು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪರಿಸರಕ್ಕೆ ಒಳ್ಳೆಯದು ಅಂತ ಏನಾದರೂ ಕೊಳ್ಳೋ ಮೊದಲು ಒಂದು ಸಲ ಅಟ್ಟ ಹತ್ತಿ ನೋಡಿ, ಅರ್ಧಕ್ಕರ್ಧ ಸಾಮಾನು ಅಲ್ಲೇ ಇರುತ್ತೆ.

ಆ ಬ್ರಷ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಹಿಡಿ ಬಿದಿರು, ಸರಿ. ಎಳೆಗಳು ಮಾತ್ರ ಬಹುತೇಕ ನೈಲಾನಿನವೇ. ಹಾಗಾಗಿ ಹಳೆಯದಾದ ಮೇಲೆ ಹಾಗೇ ಮಣ್ಣಿಗೆ ಹಾಕುವ ಹಾಗಿಲ್ಲ, ಇಕ್ಕಳದಲ್ಲಿ ಎಳೆಗಳನ್ನು ಕಿತ್ತು ಹಿಡಿಯನ್ನಷ್ಟೇ ಹಾಕಬೇಕು. ಮತ್ತೆ ಬಚ್ಚಲಿನ ತೇವದಲ್ಲಿ ಲೋಟದೊಳಗೆ ನಿಲ್ಲಿಸಿಟ್ಟರೆ ಬುಡ ಕಪ್ಪಾಗಿ ಬೂಷ್ಟು ಹಿಡಿಯುತ್ತೆ. ತೊಳೆದು, ಒದರಿ, ಗಾಳಿ ಆಡೋ ಕಡೆ ಮಲಗಿಸಿಡಿ.

ನಮ್ಮ ಮನೆಗೆ ದಿನಕ್ಕೆ ಎರಡು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಬರುತ್ತೆ. ನಾನೂ ಎಷ್ಟೋ ವರ್ಷ ಕತ್ತರಿ ತಗೊಂಡು ಮೂಲೆ ಕಚಕ್ ಅಂತ ಕತ್ತರಿಸಿ, ಆ ಚೂರನ್ನು ಸಿಂಕಿನ ಹತ್ತಿರ ಎಲ್ಲೋ ಬಿಡುತ್ತಿದ್ದೆ. ಒಂದು ದಿನ ಪ್ಲಂಬರ್ ಬಂದು ಸಿಂಕಿನ ಪೈಪು ಬಿಚ್ಚಿದಾಗ ಜಿಡ್ಡಿನ ಉಂಡೆಯಲ್ಲಿ ಅಂಟಿಕೊಂಡು ಇಂಥ ಮೂಲೆಗಳೇ ಒಂದು ಹಿಡಿ ಬಂದವು. ಲೆಕ್ಕ ಹಾಕಿ, ದಿನಕ್ಕೆ ಎರಡಾದರೆ ವರ್ಷಕ್ಕೆ 730 ಚೂರು, ಒಂದೇ ಮನೆಯಿಂದ. ಪ್ಯಾಕೆಟ್ ದೊಡ್ಡದು, ಆಯುವವರ ಕೈಗೆ ಸಿಗುತ್ತೆ, ಮರುಬಳಕೆಗೆ ಹೋಗುತ್ತೆ. ಉಗುರಿನಷ್ಟು ಚೂರನ್ನು ಯಾರು ಆಯ್ತಾರೆ? ಅದು ಚರಂಡಿಗೆ, ಇಲ್ಲಾ ದನದ ಹೊಟ್ಟೆಗೆ. ಈಗ ನಾನು ಮೂಲೆಯನ್ನು ಪೂರ್ತಿ ಕತ್ತರಿಸೋದಿಲ್ಲ. ಒಂದು ಬೆರಳಗಲ ಸೀಳಿ, ತುದಿಯಲ್ಲಿ ಒಂದು ದಾರದಷ್ಟು ಅಂಟಿಕೊಂಡಿರುವ ಹಾಗೆ ಬಿಡುತ್ತೇನೆ. ಹಾಲು ಸಲೀಸಾಗಿ ಬೀಳುತ್ತೆ, ಚೂರು ಎಲ್ಲೂ ಹೋಗಲ್ಲ. ಖಾಲಿಯಾದ ಮೇಲೆ ಅರ್ಧ ಲೋಟ ನೀರು ಹಾಕಿ ಅಲುಗಿಸಿ, ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ, ಪ್ಯಾಕೆಟ್ ಬೋರಲು ಮಾಡಿ ಬಟ್ಟೆ ಒಣಗಿಸೋ ತಂತಿಗೆ ಕ್ಲಿಪ್ ಹಾಕುವುದು. ತೊಳೆಯದೆ ಕಟ್ಟಿಟ್ಟರೆ ಎರಡೇ ದಿನಕ್ಕೆ ನಾತ. ಆಮೇಲೆ ಅದನ್ನು ಯಾರೂ ಮುಟ್ಟಲ್ಲ, ಒಣ ಕಸ ಅನ್ನೋ ಹೆಸರಷ್ಟೇ ಉಳಿಯುತ್ತೆ.

ಚೀಲದ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ ಆಗಿದ್ದು 2016ರಲ್ಲಿ. ಸೊಪ್ಪಿನ ಗಾಡಿಯಲ್ಲಿ ಇವತ್ತಿಗೂ ಕವರ್ ಕೊಡುತ್ತಾರೆ, ನಾವೂ ಕೈ ಚಾಚುತ್ತೇವೆ. ಇದಕ್ಕೆ ಹೊಸ ಚೀಲ ಬೇಡ. ಯಾರ ಮನೆಯಲ್ಲಿ ಮದುವೆ ತಾಂಬೂಲದ ಚೀಲಗಳು ಇಲ್ಲ ಹೇಳಿ? ನಮ್ಮನೆಯಲ್ಲಿ ಎಣಿಸಿದರೆ ಮೂವತ್ತಕ್ಕೆ ಮೇಲಿದ್ದವು. ಹತ್ತಿ ಬೆಳೆಯೋಕೆ ನೀರು ಬಹಳ ಬೇಕು, ಒಂದು ಚೀಲವನ್ನು ನೂರಾರು ಸಲ ಬಳಸಿದರೇನೇ ಅದಕ್ಕೆ ಬೆಲೆ. ಕಪಾಟಿನಲ್ಲಿ ಮಡಿಸಿಟ್ಟರೆ ಅದೂ ಕಸವೇ. ಇನ್ನೊಂದು, ಬಟ್ಟೆ ಹಾಗೇ ಕಾಣುತ್ತೆ, ಮುಟ್ಟಿದರೆ ಸ್ವಲ್ಪ ಪೇಪರಿನ ಹಾಗೆ ಗರಗರ ಅನ್ನುತ್ತೆ, ಅಂಥ ಬಣ್ಣಬಣ್ಣದ ಚೀಲ ಅಂಗಡಿಗಳಲ್ಲಿ ಕೊಡುತ್ತಾರಲ್ಲ, ಅದು ಬಟ್ಟೆ ಅಲ್ಲ, ಪ್ಲಾಸ್ಟಿಕ್ಕೇ. ಅನುಮಾನ ಇದ್ದರೆ ಅಂಚಿನ ಸಣ್ಣ ಚೂರು ಕತ್ತರಿಸಿ ದೀಪಕ್ಕೆ ಹಿಡಿದು ನೋಡಿ. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿಯಾಗುತ್ತೆ. ಪ್ಲಾಸ್ಟಿಕ್ಕಾದರೆ ಮುದುರಿ, ಕರಗಿ, ಗಂಟು ಕಟ್ಟುತ್ತೆ.

ಚೀಲ ಇದ್ದರೂ ಒಯ್ಯೋದು ಮರೆತುಹೋಗುತ್ತೆ ಅನ್ನುತ್ತೀರಿ. ನಿಜ, ನಾನೂ ಮರೆಯುತ್ತಿದ್ದೆ. ಅದಕ್ಕೇ ಒಂದನ್ನು ಮನೆ ಬೀಗದ ಕೈ ಇರುವ ಮೊಳೆಗೇ ನೇತು ಹಾಕಿದೆ, ಕೀ ತೆಗೆಯೋಕೆ ಹೋದರೆ ಚೀಲ ಕೈಗೆ ತಗಲುತ್ತೆ. ಮಗನ ಸ್ಕೂಟರ್ ಡಿಕ್ಕಿಯಲ್ಲಿ ಎರಡು. ಹಳೇ ವಾಯಿಲ್ ಸೀರೆ ಹರಿದು ಸಣ್ಣ ಸಣ್ಣ ನಾಡದ ಚೀಲ ಹೊಲಿದಿಟ್ಟಿದ್ದೇನೆ, ಬೀನ್ಸಿಗೊಂದು, ಟೊಮೇಟೊಗೊಂದು. ಸೊಪ್ಪನ್ನು ಒದ್ದೆ ಬಟ್ಟೆ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಕವರಿನಲ್ಲಿಟ್ಟದ್ದಕ್ಕಿಂತ ಚೆನ್ನಾಗಿ ಇರುತ್ತೆ, ಬೆವೆತು ಕೊಳೆಯಲ್ಲ.

ಇನ್ನು ಹಸಿ ಕಸ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಗಿ ಬೀಳುತ್ತಿತ್ತು. ಆ ಊರಿನವರು ನಾತ ಕುಡಿದು, ಬಾವಿ ನೀರು ಕೆಟ್ಟು, ಕೊನೆಗೆ ರಸ್ತೆಗೆ ಇಳಿದರು. ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರಲ್ಲಿ ಕಸ ಹಾಕೋದು ನಿಂತಿತು. ಟೀವಿಯಲ್ಲಿ ಆ ಊರಿನ ಹೆಂಗಸರು ಮಾತಾಡೋದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ, ಅದರಲ್ಲಿ ನಮ್ಮನೆ ಹುರುಳಿಕಾಯಿ ನಾರೂ ಇತ್ತಲ್ಲ. ಅಲ್ಲಿಂದ ಹಸಿ ಕಸ ಮನೆಯಿಂದ ಹೊರಗೆ ಕಳಿಸಿಲ್ಲ. ಮೂರು ಮಣ್ಣಿನ ಮಡಕೆ ಒಂದರ ಮೇಲೊಂದು ಇಟ್ಟ ಗೊಬ್ಬರದ ಸೆಟ್ ಸಿಗುತ್ತೆ. ಕೊಂಡಿದ್ದಕ್ಕೆ ನನಗೆ ಬೇಜಾರಿಲ್ಲದ ಒಂದೇ ಸಾಮಾನು ಅದು. ಬೇಡ ಅಂದರೆ ಹಳೇ ಬಕೆಟ್ಟಿಗೆ ಪಕ್ಕದಲ್ಲೆಲ್ಲ ತೂತು ಹೊಡೆದರೂ ನಡೆಯುತ್ತೆ.

ತಳಕ್ಕೆ ಒಣಗಿದ ಎಲೆ, ಮೇಲೆ ಸಿಪ್ಪೆ, ಅದರ ಮೇಲೆ ಎರಡು ಹಿಡಿ ತೆಂಗಿನ ನಾರಿನ ಪುಡಿ. ದಿನಾ ಹೀಗೇ. ವಾರಕ್ಕೊಮ್ಮೆ ಕೋಲಿನಲ್ಲಿ ಕೆದಕಿ, ಒಂದು ಸೌಟು ಹುಳಿ ಮಜ್ಜಿಗೆ ಚಿಮುಕಿಸಿ. ಬಾಳೆ ಎಲೆಯನ್ನು ಸೀಳಿ ಹಾಕಿ, ಇಡೀ ಎಲೆ ಹಾಕಿದರೆ ಚಾಪೆ ಹಾಸಿದ ಹಾಗೆ ಕೂತುಬಿಡುತ್ತೆ, ಗಾಳಿಯೇ ಆಡಲ್ಲ. ಟೀ ಚರಟ ತೊಳೆದು ಹಾಕಿ, ಇಲ್ಲದಿದ್ದರೆ ಸಕ್ಕರೆಗೆ ಇರುವೆ ಬರುತ್ತೆ. ಎಣ್ಣೆ ಜಿಡ್ಡು, ಉಪ್ಪಿನಕಾಯಿ ರಸ ಬೇಡ. ಮೊದಲನೇ ತಿಂಗಳು ನಾನು ಉತ್ಸಾಹಕ್ಕೆ ಮಿಕ್ಕ ಹುಳಿ, ಮೊಸರನ್ನ ಎಲ್ಲಾ ಸುರಿದೆ. ಒಂದು ಬೆಳಿಗ್ಗೆ ಸೊಸೆ ಮುಚ್ಚಳ ತೆಗೆದು ಕಿರುಚಿದಳು, ಒಳಗೆ ಬೆಳ್ಳನೆ ಹುಳ ಪಿತಿಪಿತಿ ಅನ್ನುತ್ತಿದ್ದವು. ಮಡಕೆ ಎತ್ತಿ ಬಿಸಾಡೋದೊಂದು ಬಾಕಿ. ಆಮೇಲೆ ಗೊತ್ತಾಯಿತು, ಆ ಹುಳ ಏನೂ ಮಾಡಲ್ಲ, ಕಸ ತಿಂದು ಕರಗಿಸೋದೇ ಅವುಗಳ ಕೆಲಸ. ಜಾಸ್ತಿ ಆದರೆ ಒಳಗೆ ಒದ್ದೆ ಜಾಸ್ತಿ ಆಗಿದೆ ಅಂತ ಲೆಕ್ಕ. ನಾಲ್ಕು ದಿನ ಹೊಸ ಕಸ ಹಾಕದೆ ಒಣ ಎಲೆ ತುಂಬಿಸಿ ಕೆದಕಿದೆ, ಸರಿಹೋಯಿತು. ಎರಡು ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಗಿದೆ ಅಂತ ಅರ್ಥ, ಹುಳಿ ವಾಸನೆ ಇದ್ದರೆ ಇನ್ನೂ ಕಾಯಿರಿ.

ನಿಂಬೆ, ಕಿತ್ತಳೆ, ಮೂಸಂಬಿ ಸಿಪ್ಪೆಯನ್ನು ಮಾತ್ರ ಬೇರೆ ಇಡುತ್ತೇನೆ. ಅದರಿಂದ ನೆಲ ಒರೆಸೋ ದ್ರವ ಮಾಡಬಹುದು. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಹುಳಿಯೋಕೆ ಬಿಡಬೇಕು. ಈ ಅಳತೆ ಎಲ್ಲರೂ ಹೇಳುತ್ತಾರೆ, ಆದರೆ ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು ಅನ್ನೋದನ್ನು ನನಗೆ ಯಾರೂ ಒತ್ತಿ ಹೇಳಲಿಲ್ಲ. ನಾಲ್ಕು ದಿನ ಊರಿಗೆ ಹೋಗಿ ಬರೋಷ್ಟರಲ್ಲಿ ಬಾಟಲಿ ಸಿಡಿದು, ಅಡುಗೆಮನೆ ಗೋಡೆಯೆಲ್ಲ ಬೆಲ್ಲದ ನೀರು, ಅದರ ಮೇಲೆ ಕಟ್ಟಿರುವೆ ಮೆರವಣಿಗೆ. ಗಾಜಿನದಲ್ಲ, ಪ್ಲಾಸ್ಟಿಕ್ ಬಾಟಲಿ, ಪುಣ್ಯ. ಹಾಗಾಗಿ ಗಾಜು ಬೇಡವೇ ಬೇಡ, ಬಾಟಲಿಯನ್ನು ಕಂಠದವರೆಗೆ ತುಂಬಿಸಲೂ ಬೇಡಿ. ಸೋಸಿದ ಮೇಲೆ ಅರ್ಧ ಬಕೆಟ್ ನೀರಿಗೆ ಎರಡು ಮುಚ್ಚಳ ಸಾಕು.

ಅಂಟುವಾಳದ ಬಗ್ಗೆ ಸತ್ಯ ಹೇಳಿಬಿಡುತ್ತೇನೆ. ರೇಷ್ಮೆ ಸೀರೆಗೆ, ಉಣ್ಣೆ ಶಾಲಿಗೆ, ಬಂಗಾರದ ಸರಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹದಿನೈದು ಇಪ್ಪತ್ತು ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನಾಲ್ಕು ಲೋಟ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತೆ, ಹೊರಗಿಟ್ಟರೆ ಬೇಗ ಹಳಸುತ್ತೆ. ಕಣ್ಣಿಗೆ ಹಾರಿದರೆ ಉರಿ. ಆದರೆ ಬಜ್ಜಿ ಕರಿದ ಬಾಣಲೆಯನ್ನು ಇದರಲ್ಲಿ ತೊಳೆಯೋಕೆ ಹೋಗಬೇಡಿ, ಸುಮ್ನೆ ಕೈ ನೋವು. ಅಂಥದ್ದಕ್ಕೆ ಮೊದಲು ಹಳೇ ಪೇಪರಿನಲ್ಲಿ ಜಿಡ್ಡು ಒರೆಸಿ ತೆಗೆದು, ಆಮೇಲೆ ಸೋಪು ಹಾಕಿ. ಅರ್ಧ ಸೋಪು ಉಳಿಯುತ್ತೆ, ಪೈಪಿಗೂ ಜಿಡ್ಡು ಹೋಗಲ್ಲ. ಹಿತ್ತಾಳೆ ದೀಪಕ್ಕೆ ಪುಡಿ ಕೊಳ್ಳಬೇಡಿ, ಸಾರಿಗೆ ಹುಣಸೆಹಣ್ಣು ಕಿವುಚಿದ ಮೇಲೆ ಉಳಿಯೋ ಚರಟವನ್ನು ಚಿಟಿಕೆ ಉಪ್ಪು ಹಾಕಿ ಡಬ್ಬಿಯಲ್ಲಿಟ್ಟುಕೊಳ್ಳಿ. ಪಾತ್ರೆ ಉಜ್ಜೋಕೆ ತೆಂಗಿನ ಗುಂಜು, ಇಲ್ಲಾ ಬಲಿತು ಒಣಗಿದ ತುಪ್ಪದ ಹೀರೆಕಾಯಿ ನಾರು. ಹಸಿರು ಸ್ಕ್ರಬ್ಬರ್ ಸವೆದು ಸವೆದು ಹೋಗುತ್ತಲ್ಲ, ಆ ಸವೆದದ್ದೆಲ್ಲ ಪ್ಲಾಸ್ಟಿಕ್ ಪುಡಿ, ನೀರಿಗೇ ಸೇರೋದು.

ನೀರು ಅಂದಾಗ ನೆನಪಾಯಿತು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ, ತಗ್ಗಿನಿಂದ ಎತ್ತರಕ್ಕೆ ಪಂಪು ಮಾಡಿಕೊಂಡು ಬರುತ್ತೆ. ಅಷ್ಟು ಕರೆಂಟು ಸುಟ್ಟು ಬಂದ ನೀರನ್ನು ನಾವು ಆರ್‌ಒ ಅನ್ನೋ ನೀರು ಶುದ್ಧ ಮಾಡೋ ಯಂತ್ರಕ್ಕೆ ಹಾಕಿ ಮುಕ್ಕಾಲು ಪಾಲು ಮೋರಿಗೆ ಬಿಡುತ್ತಿದ್ದೆವು. ನಂಬಲಿಲ್ಲ ಮಗ. ತ್ಯಾಜ್ಯದ ಪೈಪನ್ನು ಬಕೆಟ್ಟಿಗೆ ಬಿಟ್ಟು ತೋರಿಸಿದೆ, ಹತ್ತು ಲೀಟರ್ ಬಿಂದಿಗೆ ತುಂಬೋಷ್ಟರಲ್ಲಿ ಅಷ್ಟೇ ದೊಡ್ಡ ಬಕೆಟ್ ಹತ್ತಿರ ಹತ್ತಿರ ಮೂರು ಸಲ ತುಂಬಿತು. ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರೋ ಉಪ್ಪು, ಖನಿಜದ ಅಂಶ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಆರ್‌ಒ ಬೇಕಾಗಿಲ್ಲ. ಕಾವೇರಿ ನೀರಿನಲ್ಲಿ ಅಷ್ಟು ಇರೋದೇ ಇಲ್ಲ, ಸಾದಾ ಫಿಲ್ಟರ್, ಇಲ್ಲಾ ಕುದಿಸಿ ಆರಿಸಿದರೆ ಸಾಕು. ಬೋರ್‌ವೆಲ್ ನೀರಿನವರು ಪರೀಕ್ಷೆ ಮಾಡಿಸಿ ತೀರ್ಮಾನ ಮಾಡಿ. ಯಂತ್ರ ಬೇಕೇ ಬೇಕು ಅನ್ನೋರು ತ್ಯಾಜ್ಯದ ನೀರನ್ನು ನೆಲ ಒರೆಸೋಕೆ, ಕಕ್ಕಸಿಗೆ ಬಳಸಿ. ಗಿಡಕ್ಕೆ ದಿನಾ ಹಾಕಬೇಡಿ, ಉಪ್ಪಿನಂಶ ಜಾಸ್ತಿ.

2024ರ ಬೇಸಿಗೆ ನೆನಪಿದೆಯಲ್ಲ? ಟ್ಯಾಂಕರಿಗೆ ಕಾದು ಕಾದು ಸಾಕಾಗಿತ್ತು. ಆಗಲೇ ಜಲಮಂಡಳಿಯವರು ಹೋಟೆಲು, ಅಪಾರ್ಟ್‌ಮೆಂಟುಗಳ ನಲ್ಲಿಗೆ ಏರೇಟರ್ ಹಾಕಲೇಬೇಕು ಅಂದಿದ್ದು. ನಲ್ಲಿ ಮೂತಿಗೆ ತಿರುಗಿಸಿ ಹಾಕೋ ಸಣ್ಣ ಜಾಲರಿ ಅದು, ನೀರಿನ ಜೊತೆ ಗಾಳಿ ಸೇರಿಸಿ ಬಿಡುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ, ನಲ್ಲಿ ಮೂತಿಯ ಫೋಟೋ ಮತ್ತು ಅಳತೆ ಒಯ್ಯಿರಿ. ನಮ್ಮ ಸಿಂಕಿನಲ್ಲಿ ಒಂದು ನಿಮಿಷದೊಳಗೆ ತುಂಬುತ್ತಿದ್ದ ಬಕೆಟ್ ಈಗ ಎರಡು ನಿಮಿಷದ ಮೇಲೆ ತಗೊಳ್ಳುತ್ತೆ, ಕೈ ತೊಳೆಯೋವಾಗ ವ್ಯತ್ಯಾಸವೇ ಗೊತ್ತಾಗಲ್ಲ. ಬೋರ್‌ವೆಲ್ ನೀರಾದರೆ ತಿಂಗಳಿಗೊಮ್ಮೆ ಬಿಚ್ಚಿ ವಿನೆಗರಿನಲ್ಲಿ ನೆನೆಸಿ, ಸುಣ್ಣ ಕಟ್ಟಿಕೊಂಡಿರುತ್ತೆ.

ಫ್ಯಾನು ಹಾಳಾಗಿದ್ದರೆ ಬಿಎಲ್‌ಡಿಸಿ ಅನ್ನೋ ಕಡಿಮೆ ಕರೆಂಟು ಎಳೆಯೋ ಫ್ಯಾನ್ ಹಾಕಿಸಿ. ಹಳೇದು 75 ವಾಟ್ ಎಳೆದರೆ ಇದು 30ರ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್ ಬದಲು 11 ಯೂನಿಟ್. ಚೆನ್ನಾಗಿ ತಿರುಗೋ ಫ್ಯಾನನ್ನು ಮಾತ್ರ ಕಿತ್ತು ಬಿಸಾಡಬೇಡಿ. ಮಿಕ್ಸಿ, ಕುಕ್ಕರ್ ಕೂಡ ಅಷ್ಟೇ. ಕುಕ್ಕರಿನ ವಾಷರ್ ಸಡಿಲವಾದರೆ ಹತ್ತು ನಿಮಿಷ ತಣ್ಣೀರಿನಲ್ಲಿ ಹಾಕಿ ನೋಡಿ, ಆಮೇಲೆ ಹೊಸ ವಾಷರ್, ಆಮೇಲೆ ರಿಪೇರಿ ಅಂಗಡಿ.

ಮುಂದಿನ ತಿಂಗಳು ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದೆ, ನಲವತ್ತು ಜನ. ಮಗ ಪೇಪರ್ ತಟ್ಟೆ, ಪೇಪರ್ ಕಪ್ ತರೋಣ ಅಂದ. ಪೇಪರ್ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪೊರೆ ಇರುತ್ತೆ ಕಣೋ, ಇಲ್ಲದಿದ್ದರೆ ಕಾಫಿ ಹೇಗೆ ನಿಲ್ಲುತ್ತೆ ಅಂದೆ. ಊಟಕ್ಕೆ ಬಾಳೆ ಎಲೆ, ಅದು ಆಮೇಲೆ ಮಡಕೆಗೆ. ಎಲೆ ತುಟ್ಟಿ ಅನ್ನಿಸಿದರೆ ಮುತ್ತುಗದ ಎಲೆ. ಲೋಟಕ್ಕೆ ಬಾಡಿಗೆ ಪಾತ್ರೆ ಅಂಗಡಿ ಇದೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಟ್ಟು ವಾಪಸ್ ತಗೊಳ್ಳೋ ವ್ಯವಸ್ಥೆಯನ್ನೇ ಮಾಡಿದ್ದಾರೆ. ನಾವು ಅಲ್ಲಿಗೂ ಹೋಗಬೇಕಾಗಿಲ್ಲ, ಅಟ್ಟದ ಮೇಲೆ ನನ್ನ ಮದುವೆಗೆ ಬಂದ ಲೋಟಗಳು, ಒಂದೊಂದರ ಮೇಲೂ ಕೊಟ್ಟವರ ಹೆಸರು ಕೊರೆದದ್ದು, ಐವತ್ತರ ಹತ್ತಿರ ಇವೆ. ತೊಳೆಯೋರು ಯಾರು ಅಂತ ಸೊಸೆ ಕೇಳಿದಳು. ಪೇಪರ್ ಕಪ್ ಅಂದವನೇ ತೊಳೆಯಲಿ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದ್ದೇವೆ, ಅವನಿಗೆ ಇನ್ನೂ ಹೇಳಿಲ್ಲ.