ಬ್ರಹ್ಮಾಂಡ ಭಾಮಿನಿಯಲ್ಲಿ ಕೂರಲಿಲ್ಲ

ದೇವರ ಲೆಕ್ಕದಲ್ಲಿ ಮನುಷ್ಯನ ಜಾಗ ಯಾವುದು? ಇದರ ಮೇಲೆ ಪದ್ಯ ಬರೆಯಲು ಹೊರಟವನು ಮೊದಲು ದೊಡ್ಡ ಶಬ್ದಗಳನ್ನೇ ರಾಶಿ ಹಾಕಿದೆ. ಅನಂತ, ಚೈತನ್ಯ, ಬ್ರಹ್ಮಾಂಡ. ನಮ್ಮೂರು ಶಿರಸಿ ಕಡೆ. ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ, ಕೇಳಿ ಬೆಳೆದ ಕಿವಿ, ಹಾಗಾಗಿ ಆರು ಸಾಲಿನ ಭಾಮಿನಿ ಷಟ್ಪದಿಯನ್ನೇ ಹಿಡಿದೆ. ಯಕ್ಷಗಾನದ ಪದ ಹಾಡುವ ಊರಿನ ಭಾಗವತರಿಗೆ ತೋರಿಸಿದರೆ ಎರಡು ಸಾಲು ಗುನುಗಿ ಹಾಳೆ ವಾಪಸ್ ಕೊಟ್ಟರು. "ಇದು ಹಾಡಲೆ ಬತ್ತಿಲ್ಲೆ, ತಮಾ."

ಭಾಮಿನಿಯ ನಡೆ ಗೊತ್ತಲ್ವಾ? ಅಕ್ಷರ ಉಚ್ಚರಿಸುವ ಕಾಲದ ಅಳತೆಯೇ ಮಾತ್ರೆ: ಲಘುವಿಗೆ ಒಂದು, ಗುರುವಿಗೆ ಎರಡು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಮೂರನೇ ಮತ್ತು ಆರನೇ ಸಾಲಿಗೆ 23 ಮಾತ್ರೆ, ಉಳಿದವಕ್ಕೆ 14. 'ಬ್ರಹ್ಮಾಂಡ'ಕ್ಕೆ ಐದು ಮಾತ್ರೆ. ಸೀಳಿ ಎರಡು ಗಣಕ್ಕೆ, ಅಂದರೆ ಮಾತ್ರೆಗಳ ಗುಂಪಿಗೆ, ಹಂಚಬಹುದು, ಆದರೆ ನಾನು ಹಂಚಿದರೆ ತಾಳ ಮುಗ್ಗರಿಸುತ್ತಿತ್ತು. 'ಮನುಷ್ಯ'ನಿಗೆ ನಾಲ್ಕಿದೆ, ಆದರೆ ಲಘು-ಗುರು-ಲಘು, ಹಾಡುವಾಗ ತೊಡರುತ್ತದೆ. 'ಮನುಜ' ಮೂರು, 'ದೇವರು' ನಾಲ್ಕು. ಪಕ್ಕಪಕ್ಕ ಇಟ್ಟರೆ ಸರಿಯಾಗಿ ಕೂರುತ್ತವೆ, ವ್ಯತ್ಯಾಸ ಒಂದೇ ಮಾತ್ರೆ! ತತ್ವವೇ ಸಿಕ್ಕಿತು ಅಂತ ಆ ರಾತ್ರಿ ಕುಣಿದಿದ್ದೆ. ಬೆಳಿಗ್ಗೆ ಎದ್ದಾಗ ಬರೀ ಲೆಕ್ಕದ ಚಮತ್ಕಾರ ಅನ್ನಿಸಿತು.

ಆಮೇಲೆ ಕೆಲಸ ಕಾರವಾರಕ್ಕೆ ಕರೆತಂತು. ಇಲ್ಲಿನ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು. ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಹರೆಯದಲ್ಲಿ ಅವರು ಬಂದಿದ್ದರು. 1884ರಲ್ಲಿ ಪ್ರಕಟವಾದ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು ಇಲ್ಲೇ. ಎಲ್ಲ ಬಂಧ ಕಡಿದುಕೊಂಡು ಅನಂತವನ್ನು ಹಿಡಿಯಲು ಹೊರಟ ಸನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿ ಮತ್ತೆ ಲೋಕಕ್ಕೆ ಎಳೆಯುವ ಕಥೆ. ನನ್ನ ಪದ್ಯಕ್ಕೆ ಹತ್ತಿದ ರೋಗವೂ ಆ ಸನ್ಯಾಸಿಯದೇ.

ಹಳೆಯದನ್ನೆಲ್ಲ ಹರಿದು ಹಾಕಿದೆ. ಕಣ್ಣಿಗೆ ಕಂಡದ್ದು ಮಾತ್ರ ಬರೆಯುವುದು. 'ದೇವರು' ಬೇಡ, 'ನಾನು' ಅಂತೂ ಬೇಡವೇ ಬೇಡ. ಒಂದು ಸಂಜೆ ಹುಡುಗನೊಬ್ಬ ಮರಳಿನ ಮೇಲೆ ತನ್ನ ಹೆಸರು ಬರೆಯುತ್ತಿದ್ದ. ಅದೇ ಹೊತ್ತಿಗೆ ಮೀನುಗಾರರೊಬ್ಬರು ಬಲೆ ಹೊತ್ತು ಆ ದಾರಿಯಲ್ಲೇ ಬಂದರು.

ಅಲೆಯು ತೊಳೆಯಿತು ಬರೆದ ಹೆಸರನು
ಬಲೆಯ ಹೊತ್ತವ ನೋಡಿ ನಕ್ಕನು

ಎರಡನೇ ಅಕ್ಷರದ ಪ್ರಾಸವೂ ತಾನಾಗಿ ಬಂತು. ಬೆರಳು ಮಡಚಿ ಎಣಿಸಿದ್ದು ಆಮೇಲೆ.

ಭಾಗವತರಿಗೆ ಫೋನಿನಲ್ಲೇ ಹೇಳಿದೆ. ಅವರು ರಾಗ ಎತ್ತಿ ಹಾಡಿಬಿಟ್ಟರು! "ಮೂರನೇ ಸಾಲು ಎಲ್ಲಿದ್ದು?" ಅಂದರು.

ಅದಕ್ಕೆ 23 ಮಾತ್ರೆ ಬೇಕು. ಅಷ್ಟು ಜಾಗ ಸಿಕ್ಕಿದ್ದೇ ಕೈ ಮತ್ತೆ ಬ್ರಹ್ಮಾಂಡದ ಕಡೆ ಓಡುತ್ತಿದೆ. ನಾಲ್ಕು ಸಲ ಬರೆದು ಹೊಡೆದು ಹಾಕಿದ್ದೇನೆ.